ಹರಿಲಾಲ ಗಾಂಧಿ: ಒಂದು ಮನೆಯ ನೋವು

ಕೂಡ್ಲಿಗಿಯಲ್ಲಿ ಹುತಾತ್ಮರ ಸ್ಮಾರಕವೊಂದಿದೆ. ಮಹಾತ್ಮಾ ಗಾಂಧಿಯವರ ಚಿತಾಭಸ್ಮವನ್ನು ಅಲ್ಲಿರಿಸಿ ಕಾಪಾಡಿಕೊಂಡು ಬರಲಾಗಿದೆ. ಮದ್ಯಪಾನ ನಿಷೇಧವನ್ನು ರಚನಾತ್ಮಕ ಕಾರ್ಯಕ್ರಮದ ಮುಖ್ಯ ಅಂಗಗಳಲ್ಲಿ ಒಂದೆಂದು ಎಣಿಸಿದ ಆ ಮಹಾಪುರುಷರ ಹಿರಿಯ ಮಗನೇ ಮದ್ಯಕ್ಕೆ ವಶನಾಗಿ, ತಂದೆ ತೀರಿಕೊಂಡ ಐದು ತಿಂಗಳೊಳಗೆ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಕಣ್ಣುಮುಚ್ಚಿದನು. ಆ ಮಗನಿಗೆ ಎಲ್ಲಿಯೂ ಸ್ಮಾರಕವಿಲ್ಲ. ಅವನ ಬಾಳು ಆದರ್ಶವೆಂದು ಹೇಳುವಂಥದಲ್ಲ. ಆದರೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆ, ರಾತ್ರಿಯಾದರೂ ಮನೆಗೆ ಬಾರದ ಮಗನಿಗಾಗಿ ಬಾಗಿಲು ತೆರೆದಿಟ್ಟು ಕಾಯುವ ತಾಯಿ ಎಷ್ಟು ಮಂದಿ ಇದ್ದಾರೋ, ಅವರೆಲ್ಲರಿಗೂ ಹರಿಲಾಲನ ಕಥೆ ತಿಳಿದಿರಬೇಕಾದ ಕಥೆಯಾಗಿದೆ. ಏಕೆಂದರೆ ಅದು ಒಬ್ಬ ಕುಡುಕನ ಕಥೆ ಮಾತ್ರವಲ್ಲ. ಅವನನ್ನು ಉಳಿಸಿಕೊಳ್ಳಲು ಹೆಣಗಿ ಸೋತ ಒಂದು ಮನೆಯ ಕಥೆ.

ಹರಿಲಾಲ ಹುಟ್ಟಿದ್ದು 1888ರಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವನ ತಂದೆ ಬ್ಯಾರಿಸ್ಟರ್ ಪದವಿಗಾಗಿ ಲಂಡನ್ನಿಗೆ ಹಡಗನ್ನೇರಿದರು. ಹೊರಡುವ ಮುನ್ನ ತಾಯಿ ಪುತಳೀಬಾಯಿಯವರ ಸಮಾಧಾನಕ್ಕಾಗಿ, ಜೈನ ಸಾಧು ಬೇಚರಜೀ ಸ್ವಾಮಿಗಳ ಸಮ್ಮುಖದಲ್ಲಿ, ಮದ್ಯ, ಮಾಂಸ, ಪರಸ್ತ್ರೀಯರನ್ನು ಮುಟ್ಟುವುದಿಲ್ಲವೆಂದು ವ್ರತ ಕೈಗೊಂಡರು. ಆ ವ್ರತ ಅವರನ್ನು ಪರದೇಶದಲ್ಲಿ ಕಾಪಾಡಿತು. ಒಮ್ಮೆ ಆಡಿದ ಮಾತು, ಒಮ್ಮೆ ತೊಟ್ಟ ಸಂಕಲ್ಪ ಮನುಷ್ಯನನ್ನು ಕಡೆಯವರೆಗೆ ನಡೆಸಬಲ್ಲದೆಂಬ ನಂಬಿಕೆ ಅವರಲ್ಲಿ ಬೇರೂರಿದ್ದು ಆಗಲೇ. ತಮಗೆ ಸಾಧ್ಯವಾದದ್ದು ಮಗನಿಗೂ ಸಾಧ್ಯವೆಂದು ಅವರು ಕೊನೆಯವರೆಗೂ ನಂಬಿದರು. ಮನೆಯ ದುಃಖದ ಒಂದು ಮೂಲ ಇಲ್ಲಿಯೇ ಇತ್ತು.

ಬಾಲ್ಯದಲ್ಲಿ ಹರಿಲಾಲನಿಗೆ ತಂದೆಯ ಸಂಗ ದೊರೆತದ್ದು ತುಂಡು ತುಂಡಾಗಿ. 1897ರಲ್ಲಿ ತಾಯಿತಂದೆಗಳೊಡನೆ ದಕ್ಷಿಣ ಆಫ್ರಿಕಕ್ಕೆ ಹೋದರೂ ಕ್ರಮವಾದ ಶಾಲೆಯ ಶಿಕ್ಷಣ ಅಲ್ಲಿ ಅವನಿಗೆ ಸಿಕ್ಕಲಿಲ್ಲ. ಅಲ್ಲಿಯ ಶಾಲೆಗಳನ್ನು ಒಪ್ಪದ ಗಾಂಧೀಜಿ ಮನೆಯಲ್ಲಿಯೇ ಕಲಿಸಹೊರಟರು. ಆದರೆ ಸಾರ್ವಜನಿಕ ಕಾರ್ಯಗಳ ನಡುವೆ ಅವರಿಗೆ ಪುರಸತ್ತು ಎಲ್ಲಿ? ಮುಂದೆ ಕುಟುಂಬ ಜೋಹಾನ್ಸ್‌ಬರ್ಗಿಗೆ ಹೋದಾಗ ಹರಿಲಾಲ ಭಾರತದಲ್ಲಿಯೇ ಬಂಧುಗಳ ಆಶ್ರಯದಲ್ಲಿ ಉಳಿದನು. 1906ರ ಮೇ ತಿಂಗಳಲ್ಲಿ ರಾಜಕೋಟೆಯ ವಕೀಲ ಹರಿದಾಸ ವೋರಾ ಅವರ ಮಗಳು ಗುಲಾಬಳೊಡನೆ ಅವನ ವಿವಾಹವಾಯಿತು. ಆಗ ಅವನಿಗೆ ಸುಮಾರು ಹದಿನೆಂಟು ವರ್ಷ. ಇಷ್ಟು ಬೇಗ ಮದುವೆ ಬೇಡವೆಂಬುದು ದೂರದಲ್ಲಿದ್ದ ತಂದೆಯ ಅಭಿಪ್ರಾಯವಾಗಿತ್ತು. ಅದಕ್ಕೆ ಬೆಲೆ ಬರಲಿಲ್ಲ.

ಆ ಮೇಲಿನ ನಾಲ್ಕು ವರ್ಷಗಳು ಹರಿಲಾಲನ ಬಾಳಿನ ಅತ್ಯಂತ ಉಜ್ಜ್ವಲ ಕಾಲ. ದಕ್ಷಿಣ ಆಫ್ರಿಕಕ್ಕೆ ಹೋಗಿ ತಂದೆಯ ಸತ್ಯಾಗ್ರಹದಲ್ಲಿ ಧುಮುಕಿದನು. 1908ರ ಜುಲೈಯಲ್ಲಿ ಪರವಾನಗಿಯಿಲ್ಲದೆ ಬೀದಿಯಲ್ಲಿ ಸರಕು ಮಾರಿ ಕಾನೂನು ಮುರಿದಾಗ, ನ್ಯಾಯಾಲಯದಲ್ಲಿ ತಂದೆಯೇ ಅವನ ವಕೀಲರು. ಮುಂದೆಯೂ ಅವನು ಹಿಂಜರಿಯದೆ ಮತ್ತೆ ಮತ್ತೆ ಸೆರೆಮನೆಗೆ ಹೋದನು; ಎಳೆಯ ಹೆಂಡತಿಯೂ ಹಸುಗೂಸೂ ಹೊರಗೆ ಕಾಯುತ್ತಿದ್ದರು. ಜನ ಅವನನ್ನು ಪ್ರೀತಿಯಿಂದ ಛೋಟೆ ಗಾಂಧಿ ಎಂದು ಕರೆದರು. ವ್ಯಸನಕ್ಕೆ ಬಿದ್ದವನು ಹುಟ್ಟಿನಿಂದಲೇ ದುರ್ಬಲನೆಂದು ತಿಳಿಯುವವರು ಈ ನಾಲ್ಕು ವರ್ಷಗಳನ್ನು ಮರೆಯಬಾರದು.

ಬಿರುಕು ಬಿಟ್ಟದ್ದು ಓದಿನ ವಿಷಯದಲ್ಲಿ. ಗಾಂಧೀಜಿಯ ಆಪ್ತಮಿತ್ರ ಡಾಕ್ಟರ್ ಪ್ರಾಣಜೀವನ ಮೆಹತಾ ಅವರು ಇಂಗ್ಲೆಂಡಿನಲ್ಲಿ ವ್ಯಾಸಂಗ ಮಾಡಲು ಒಬ್ಬ ತರುಣನಿಗೆ ವಿದ್ಯಾರ್ಥಿವೇತನ ಕೊಡಲು ಮುಂದೆ ಬಂದರು. ಬ್ಯಾರಿಸ್ಟರನಾಗಬೇಕೆಂಬ ಆಸೆ ಹರಿಲಾಲನಿಗೆ ಬಹು ದಿನಗಳಿಂದ ಇತ್ತು. ಸ್ವಂತ ಮಗನಿಗೆ ಅದನ್ನು ಕೊಡಿಸಿದರೆ ಪಕ್ಷಪಾತವಾದೀತೆಂದು ಗಾಂಧೀಜಿ ತಮ್ಮ ಬಂಧು ಛಗನಲಾಲನನ್ನು ಆರಿಸಿದರು. ಆತ ಅಸ್ವಸ್ಥನಾಗಿ ಹಿಂದಿರುಗಿದನು. ಮುಂದೆ ಆ ಅವಕಾಶ ಸೋರಾಬಜಿ ಎಂಬ ಪಾರಸಿ ಸತ್ಯಾಗ್ರಹಿಗೆ ಸಂದಿತು. ನ್ಯಾಯದ ತಕ್ಕಡಿಯಲ್ಲಿ ತಂದೆಯದು ದೊಡ್ಡ ಗುಣವೇ ಸರಿ. ಮಗನಿಗೆ ಮಾತ್ರ ಅದು ಮುಚ್ಚಿದ ಬಾಗಿಲಾಗಿ ಕಂಡಿತು. 1911ರ ಮೇ ತಿಂಗಳಲ್ಲಿ ಅವನು ತಂದೆಯ ಭಾವಚಿತ್ರವೊಂದನ್ನು ಎತ್ತಿಕೊಂಡು, ಯಾರಿಗೂ ಹೇಳದೆ ಮನೆ ಬಿಟ್ಟನು. ಡೆಲಗೋವಾ ಕೊಲ್ಲಿಯಲ್ಲಿ ಪತ್ತೆಯಾಗಿ ಹಿಂದಿರುಗಿದಾಗ ತಂದೆಮಕ್ಕಳು ಬಹಳ ಹೊತ್ತು ಮಾತನಾಡಿದರು. ಜಗಳವಿಲ್ಲದೆ ಬೀಳ್ಕೊಂಡರು, ಆದರೆ ಬೀಳ್ಕೊಂಡರು. ದ್ವೇಷಿಸುವವನು ಭಾವಚಿತ್ರವನ್ನು ಹೊತ್ತುಕೊಂಡು ಹೋಗುವುದಿಲ್ಲ. ಈ ಸಣ್ಣ ಸಂಗತಿಯನ್ನು ಆ ಮನೆಯವರು ಮುಂದೆ ನೆನಪಿಡಬಹುದಾಗಿತ್ತು.

ಅಹಮದಾಬಾದಿನಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕುಳಿತು ಹರಿಲಾಲ ಮತ್ತೆ ಮತ್ತೆ ಸೋತನು. 1915ರಲ್ಲಿ ಗಾಂಧೀಜಿ ಸ್ವದೇಶಕ್ಕೆ ಮರಳಿದ ಬಳಿಕ, ತನ್ನ ಅಸಮಾಧಾನವನ್ನೆಲ್ಲ ಒಂದು ದೀರ್ಘ ಪತ್ರದಲ್ಲಿ ಬರೆದು ಅಚ್ಚುಹಾಕಿಸಿ ಪರಿಚಿತರಿಗೆ ಹಂಚಿದನು. ತಂದೆ ತಮ್ಮ ಮಕ್ಕಳ ಓದನ್ನು ಕಡೆಗಣಿಸಿದರು, ಮನಸ್ಸು ಬಿಚ್ಚಿ ಮಾತನಾಡುವ ಸ್ವಾತಂತ್ರ್ಯ ಕೊಡಲಿಲ್ಲ ಎಂಬುದು ಅದರ ಸಾರಾಂಶ. ಮನೆಯೊಳಗೆ ಆಡಬೇಕಾದ ಮಾತು ಅಚ್ಚಿನ ಮೂಲಕ ಆಡಿದಂತಾಯಿತು. ಇದೇ ಸುಮಾರಿಗೆ ತಮ್ಮ ಮಣಿಲಾಲ, ತನ್ನ ವಶದಲ್ಲಿದ್ದ ಆಶ್ರಮದ ಹಣದಲ್ಲಿ ಕೊಂಚವನ್ನು ಅಣ್ಣನ ಕಷ್ಟಕ್ಕೆ ಕೊಟ್ಟದ್ದು ತಂದೆಗೆ ತಿಳಿದು, ಆಶ್ರಮದಿಂದ ದೂರ ಹೋಗಬೇಕಾಯಿತು. ಒಬ್ಬರು ಗುಟ್ಟಾಗಿ ಕೊಡುವುದು, ಇನ್ನೊಬ್ಬರು ಕಠಿನವಾಗಿ ದಂಡಿಸುವುದು, ತಾಯಿ ನಡುವೆ ನಿಂತು ಅಳುವುದು: ಮುಂದಿನ ಮೂವತ್ತು ವರ್ಷಗಳ ರೀತಿ ಇಲ್ಲಿಯೇ ನಿಶ್ಚಯವಾದಂತಿತ್ತು.

ಕಲ್ಕತ್ತೆಯಲ್ಲಿ ಹರಿಲಾಲ ಉದ್ಯೋಗಕ್ಕೆ ಸೇರಿದನು. ಸಟ್ಟಾ ವ್ಯಾಪಾರದ ಆಸೆಗೆ ಬಿದ್ದು ಧಣಿಯ ಹಣವನ್ನೂ ನಂಬಿಕೆಯನ್ನೂ ಕಳೆದುಕೊಂಡನು. 1918ರಲ್ಲಿ ದೇಶವನ್ನೆಲ್ಲ ನುಂಗಿದ ಇನ್‌ಫ್ಲುಯೆಂಜಾ ಮಹಾಮಾರಿ ಗುಲಾಬಳನ್ನೂ ಎಳೆಯ ಮಗ ಶಾಂತಿಯನ್ನೂ ಕೊಂಡೊಯ್ದಿತು. ಉಳಿದ ನಾಲ್ಕು ಮಕ್ಕಳು, ರಾಮಿ, ಕಾಂತಿ, ರಸಿಕ, ಮನು, ಅಜ್ಜಿಯಾದ ಕಸ್ತೂರಬಾ ಅವರ ಮಡಿಲಿಗೂ ಚಿಕ್ಕಮ್ಮನಂತಿದ್ದ ಗುಲಾಬಳ ಸಹೋದರಿ ಬಲೀಬೆಹನ್ ಅವರ ಆರೈಕೆಗೂ ಸೇರಿದರು. ಸಂಸಾರದ ಆಧಾರಸ್ತಂಭವೇ ಮುರಿದ ಹರಿಲಾಲನನ್ನು ಆ ಬಳಿಕ ಮದ್ಯ ಕ್ರಮವಾಗಿ ತನ್ನದಾಗಿಸಿಕೊಂಡಿತು. ಅಸಹಕಾರ ಚಳವಳಿಯ ದಿನಗಳಲ್ಲಿ ಮತ್ತೆ ಒಮ್ಮೆ ಖಾದಿ ತೊಟ್ಟು ದುಡಿದದ್ದುಂಟು. ಆದರೆ ನೆಲೆ ನಿಲ್ಲಲಿಲ್ಲ. ಅವನ ಹೆಸರು ಸೇರಿದ್ದ ಆಲ್ ಇಂಡಿಯಾ ಸ್ಟೋರ್ಸ್ ಎಂಬ ಕಂಪನಿಯಲ್ಲಿ ಹಣ ತೊಡಗಿಸಿ ನಷ್ಟಪಟ್ಟವರ ದೂರು ಬಂದಾಗ, ಗಾಂಧೀಜಿ 1925ರಲ್ಲಿ ಯಂಗ್ ಇಂಡಿಯಾ ಪತ್ರಿಕೆಯಲ್ಲಿಯೇ ಉತ್ತರ ಬರೆದು, ಮಗನ ವ್ಯವಹಾರಗಳಿಗೂ ತಮಗೂ ಸಂಬಂಧವಿಲ್ಲವೆಂದು ಲೋಕಕ್ಕೆ ತಿಳಿಸಿದರು. ಸತ್ಯನಿಷ್ಠೆಗೆ ಅದು ಅಗತ್ಯವಾಗಿದ್ದಿರಬಹುದು. ಮಗನ ಕಿವಿಗೆ ಅದು ದೇಶವೆಲ್ಲ ಕೇಳುವಂತೆ ಮುಚ್ಚಿದ ಬಾಗಿಲಿನ ಸದ್ದಾಗಿದ್ದಿರಬೇಕು. 1929ರಲ್ಲಿ ರಸಿಕನೂ ದಿಲ್ಲಿಯಲ್ಲಿ ತೀರಿಕೊಂಡನು.

ಇಷ್ಟಾದರೂ ಕತ್ತಲೆಯಲ್ಲಿ ಒಮ್ಮೆ ಬೆಳಕು ಕಂಡಿತು. 1934ರ ಕೊನೆಯ ಹೊತ್ತಿಗೆ ಹರಿಲಾಲ ತಾನಾಗಿಯೇ ತಂದೆಗೆ ಪಶ್ಚಾತ್ತಾಪದ ಪತ್ರಗಳನ್ನು ಬರೆದನು. ಗಾಂಧೀಜಿಯ ಹೃದಯ ಕರಗಿತು. ಕುಡಿತ ನಿಂತಿದೆಯೆ, ಧೂಮಪಾನ ಎಷ್ಟಿದೆ, ಮುಂದೆ ಏನು ಮಾಡುವ ಮನಸ್ಸು ಎಂದು ಕೇಳಿ ಬರೆದರು. ಮಗ ಮರುವಿವಾಹ ಬಯಸಿದರೆ ವಿಧವೆಯೊಬ್ಬಳನ್ನು ವರಿಸಲು ಅಡ್ಡಿಯಿಲ್ಲವೆಂದರು. 1935ರಲ್ಲಿ ಅವನು ಕೆಲ ಕಾಲ ವಾರ್ಧಾದಲ್ಲಿ ತಂದೆಯ ಬಳಿ ಇದ್ದನು. ಅನಂತರ ರಾಜಕೋಟೆಯಲ್ಲಿ ಬಂಧು ನಾರಣದಾಸರ ಆಶ್ರಯಕ್ಕೆ ಹೋದನು. ಆದರೆ ತಿಂಗಳುಗಳು ಕಳೆಯುವಷ್ಟರಲ್ಲಿ ಮದ್ಯ ಮತ್ತೆ ಗೆದ್ದಿತು. ಗಾಂಧೀಜಿ ಆಸೆಯನ್ನು ಕೈಬಿಟ್ಟರು.

ಅದೇ 1935ರ ಜೂನ್ ತಿಂಗಳಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ, ಕುಡಿತದಿಂದ ಹಾಳಾಗಿದ್ದ ಷೇರು ದಲ್ಲಾಳಿಯೊಬ್ಬನೂ ಶಸ್ತ್ರವೈದ್ಯನೊಬ್ಬನೂ ಎದುರುಬದುರು ಕುಳಿತು ಒಬ್ಬರ ಕಷ್ಟವನ್ನು ಒಬ್ಬರು ಹೇಳಿಕೊಂಡು ಬಿಡುಗಡೆಯ ದಾರಿ ಹುಡುಕಿದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘ ಹುಟ್ಟಿದ್ದು ಹೀಗೆ. ಅದು ನಮ್ಮ ದೇಶಕ್ಕೆ ಬಂದದ್ದು 1950ರ ದಶಕದಲ್ಲಿ. ಆ ಹೊತ್ತಿಗೆ ಹರಿಲಾಲನಿರಲಿಲ್ಲ. ವಾರ್ಧಾದಲ್ಲಿ ಅವನಿಗೆ ದೊರೆತದ್ದು ಉಪದೇಶ, ಪ್ರೇಮ, ಪರೀಕ್ಷೆ. ದೊರೆಯದಿದ್ದದ್ದು ತನ್ನಂತೆಯೇ ಬಿದ್ದು ಎದ್ದ ಮತ್ತೊಬ್ಬ ಮನುಷ್ಯನ ಜೊತೆ, ಮತ್ತು ವ್ಯಸನವನ್ನು ಕಾಯಿಲೆಯೆಂದು ತಿಳಿದು ಚಿಕಿತ್ಸೆ ಮಾಡುವ ವೈದ್ಯ.

1936ರ ಮೇ ತಿಂಗಳಲ್ಲಿ ಗಾಂಧೀಜಿ ನಮ್ಮ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆಯುತ್ತಿದ್ದರು. ಆ ತಿಂಗಳ ಕೊನೆಗೆ, ಹರಿಲಾಲ ಮತಾಂತರ ಹೊಂದಿ ಅಬ್ದುಲ್ಲಾ ಎಂದು ಹೆಸರಿಟ್ಟುಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಜೂನ್ 2ರಂದು ಬೆಂಗಳೂರಿನಿಂದ ಗಾಂಧೀಜಿ ಹೇಳಿಕೆ ಕೊಟ್ಟರು: ಹೃದಯಪೂರ್ವಕವಾದ ಮತಾಂತರವಾಗಿದ್ದರೆ ತಮಗೆ ಆಕ್ಷೇಪವಿಲ್ಲ, ಆದರೆ ಮಗ ಸಾಲಗಾರರ ಕಾಟದಿಂದಲೂ ವ್ಯಸನದಿಂದಲೂ ಇನ್ನೂ ಬಿಡಿಸಿಕೊಂಡಿಲ್ಲವೆಂಬ ಭಯ ತಮ್ಮದು ಎಂಬುದು ಅದರ ಆಶಯ. ಅದೇ ವರ್ಷ ಮದರಾಸಿನಲ್ಲಿ ಮಧ್ಯರಾತ್ರಿ ಬೀದಿಯಲ್ಲಿ ಕುಡಿದು ಗದ್ದಲ ಮಾಡಿದನೆಂದು ಹರಿಲಾಲನಿಗೆ ದಂಡವಾಯಿತು. ಬಳ್ಳಾರಿ ಜಿಲ್ಲೆ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದರಿಂದ, ಕೂಡ್ಲಿಗಿ ಹಡಗಲಿ ಹರಪನಹಳ್ಳಿಗಳ ಜನರಿಗೂ ಅದು ತಮ್ಮ ರಾಜಧಾನಿಯ ಸುದ್ದಿಯೇ. ದಂಡ ಒಂದೇ ರೂಪಾಯಿ. ಹೆತ್ತವರಿಗೆ ತಗುಲಿದ ಪೆಟ್ಟಿಗೆ ಅಳತೆಯಿಲ್ಲ. ಹೆಚ್ಚು ಓದು ಬರೆಹ ಬಾರದ ಕಸ್ತೂರಬಾ ಕಿರಿಯ ಮಗ ದೇವದಾಸನಿಂದ ಬರೆಯಿಸಿ ಹಿರಿಯ ಮಗನಿಗೊಂದು ಬಹಿರಂಗ ಪತ್ರ ಪ್ರಕಟಿಸಿದರು. ಬೆಳಿಗ್ಗೆ ಪತ್ರಿಕೆ ಬಂದಾಗಲೆಲ್ಲ ಮಗನ ಬಗ್ಗೆ ಏನು ಓದಬೇಕಾಗುವುದೋ ಎಂದು ನಡುಗುವ ತಾಯಿಯ ಸ್ಥಿತಿಯನ್ನು ಅದರಲ್ಲಿ ತೋಡಿಕೊಂಡರು. ವರ್ಷದ ಕೊನೆಯೊಳಗೆ ಹರಿಲಾಲ ಆರ್ಯಸಮಾಜದ ಮೂಲಕ ಹಿಂದೂ ಧರ್ಮಕ್ಕೆ ಮರಳಿದನು. ಹೆಸರು ಬದಲಾಯಿತು, ಮತ ಬದಲಾಯಿತು. ಸೀಸೆ ಮಾತ್ರ ಬದಲಾಗಲಿಲ್ಲ.

ಅವನ ಚರಿತ್ರೆಕಾರರು ಹೇಳುವ ಒಂದು ಪ್ರಸಂಗವಿದೆ. ಗಾಂಧೀಜಿಯೂ ಕಸ್ತೂರಬಾ ಅವರೂ ರೈಲಿನಲ್ಲಿ ಹೋಗುತ್ತಿದ್ದಾಗ ಕಟನೀ ನಿಲ್ದಾಣದಲ್ಲಿ ಜನರೆಲ್ಲ ಮಹಾತ್ಮರಿಗೆ ಜಯಕಾರ ಹಾಕುತ್ತಿರಲು, ಒಬ್ಬನೇ ಒಬ್ಬನು ಮಾತೆ ಕಸ್ತೂರಬಾಗೆ ಜಯಕಾರ ಹಾಕಿದನು. ಬಟ್ಟೆ ಹರಿದು, ಹಲ್ಲು ಬಿದ್ದು, ಗುರುತು ಸಿಕ್ಕದಂತಾಗಿದ್ದ ಹರಿಲಾಲ! ಜೇಬಿನಿಂದ ಕಿತ್ತಳೆಹಣ್ಣೊಂದನ್ನು ತೆಗೆದು, ಇದು ತಾಯಿಗೆ ಮಾತ್ರವೆಂದು ಕೊಟ್ಟನು. ತಂದೆಯ ದೊಡ್ಡತನಕ್ಕೆಲ್ಲ ತಾಯಿಯೇ ಕಾರಣವೆಂದು ತಂದೆಯ ಮುಂದೆಯೇ ಹೇಳಿದನು. ಜೊತೆಗೆ ಬಂದುಬಿಡು ಎಂದು ತಾಯಿ ಅಂಗಲಾಚಿದಾಗ, ತಾನು ಬಹು ದೂರ ಹೋಗಿಬಿಟ್ಟಿರುವುದಾಗಿ ಹೇಳಿ ನಿಂತನು. ರೈಲು ಹೊರಟಮೇಲೆ, ಹಸಿದಿದ್ದ ಮಗನಿಗೆ ತಾವು ಒಂದು ಹಣ್ಣನ್ನೂ ಕೊಡಲಿಲ್ಲವಲ್ಲ ಎಂದು ತಾಯಿಗೆ ಹೊಳೆಯಿತು. ಅಷ್ಟರಲ್ಲಿ ಗಾಡಿ ಮುಂದೆ ಸಾಗಿತ್ತು.

1944ರ ಫೆಬ್ರವರಿಯಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದ ಕಸ್ತೂರಬಾ ಮರಣಶಯ್ಯೆಯಲ್ಲಿ ಮಗನನ್ನು ನೆನೆದರು. ಅವನು ಬಂದಾಗ ಹಿಗ್ಗಿದರು. ಮತ್ತೆ ಬರಲಿಲ್ಲವೆಂದು ಹಂಬಲಿಸಿದರು. ಮರಣದ ಹಿಂದಿನ ದಿನ ಅವನು ಬಂದದ್ದು ಕುಡಿದ ಸ್ಥಿತಿಯಲ್ಲಿ. ತಾಯಿ ಹಣೆ ಬಡಿದುಕೊಂಡರು. ಅವನನ್ನು ಹೊರಗೆ ಕರೆದೊಯ್ಯಬೇಕಾಯಿತು. ಮರುದಿನ, ಫೆಬ್ರವರಿ 22ರಂದು, ಶಿವರಾತ್ರಿಯ ಸಂಜೆ ಅವರು ಕಣ್ಣುಮುಚ್ಚಿದರು. ನಾಲ್ಕು ವರ್ಷಗಳ ಬಳಿಕ ಜನವರಿ 30ರಂದು ತಂದೆ ಹೋದರು. 1948ರ ಜೂನ್ 18ರಂದು ಮುಂಬಯಿಯ ಶಿವಡಿಯ ಕ್ಷಯರೋಗದ ಆಸ್ಪತ್ರೆಯಲ್ಲಿ ಹರಿಲಾಲ ಹೋದನು.

ತೀರ್ಪು ಹೇಳಲು ಈ ಬಾಳನ್ನು ಇಲ್ಲಿ ಸ್ಮರಿಸುತ್ತಿಲ್ಲ. ಆ ಮನೆಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ಕೊರತೆಯಾದದ್ದು ಒಮ್ಮತಕ್ಕೆ. ಎಲ್ಲರೂ ಒಂದೇ ಕಡೆ ಕುಳಿತು, ಮೊದಲೇ ಆಲೋಚಿಸಿ, ಒಂದೇ ಧ್ವನಿಯಲ್ಲಿ ಅವನೊಡನೆ ಮಾತನಾಡಿದ್ದು ಎಲ್ಲಿಯೂ ಕಾಣದು. ಅವನ ನೈಜ ಅಸಮಾಧಾನವೂ ಅವನ ಕುಡಿತವೂ ಒಂದರೊಳಗೊಂದು ಹೆಣೆದುಕೊಂಡವು. ಮೊದಲನೆಯದನ್ನು ಕೇಳಿಸಿಕೊಂಡು ಎರಡನೆಯದನ್ನು ಬೇರೆಯಾಗಿ ಹಿಡಿಯುವ ಉಪಾಯ ಅಂದು ಯಾರಿಗೂ ತಿಳಿದಿರಲಿಲ್ಲ.

ಇಂದು ಆ ಉಪಾಯ ಒಂದು ಶಾಸ್ತ್ರವಾಗಿಯೇ ಬೆಳೆದಿದೆ. 1960ರ ದಶಕದಲ್ಲಿ ಅಮೆರಿಕದ ಪಾದ್ರಿ ವರ್ನನ್ ಜಾನ್ಸನ್, ಮನೆಯವರು ಮೊದಲೇ ಸಿದ್ಧರಾಗಿ ಕುಡುಕನ ಮುಂದೆ ಒಟ್ಟಾಗಿ ಕುಳಿತು ಮಾತನಾಡುವ ಪದ್ಧತಿಯನ್ನು ರೂಪಿಸಿದರು. ಅನಂತರ ಮನಶ್ಶಾಸ್ತ್ರಜ್ಞ ರಾಬರ್ಟ್ ಮೈಯರ್ಸ್ ಮತ್ತು ಸಂಗಡಿಗರು ಇದಕ್ಕಿಂತ ಸೌಮ್ಯವಾದ ಮಾರ್ಗವನ್ನು ಕಂಡುಕೊಂಡರು. ಕುಡಿಯದ ದಿನ ಆದರ ತೋರುವುದು, ಕುಡಿದ ದಿನ ಆ ಆದರವನ್ನು ಹಿಂತೆಗೆದುಕೊಳ್ಳುವುದು, ಕುಡಿತದ ಫಲವನ್ನು ಅವನೇ ಅನುಭವಿಸಲು ಬಿಡುವುದು, ತಕ್ಕ ಗಳಿಗೆಯಲ್ಲಿ ಚಿಕಿತ್ಸೆಯ ಮಾತೆತ್ತುವುದು: ಇದನ್ನು ಮನೆಯವರಿಗೆ ಕಲಿಸುವುದು ಅದರ ಕ್ರಮ. 1999ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 130 ಕುಟುಂಬಗಳನ್ನು ಮೂರು ಗುಂಪು ಮಾಡಿ ನೋಡಲಾಯಿತು. ಸೌಮ್ಯಮಾರ್ಗ ಕಲಿತವರಲ್ಲಿ ನೂರಕ್ಕೆ 64 ಮಂದಿ ತಮ್ಮವರನ್ನು ಚಿಕಿತ್ಸೆಗೆ ಕರೆತಂದರು. ಎದುರು ಕೂರಿಸಿ ಮಾತನಾಡುವ ಪದ್ಧತಿಯವರಲ್ಲಿ 30 ಮಂದಿ. ತಮ್ಮ ಮನಶ್ಶಾಂತಿಯನ್ನಷ್ಟೇ ನೋಡಿಕೊಳ್ಳಲು ಕಲಿತವರಲ್ಲಿ 13 ಮಂದಿ. ಗದರಿಕೆಗಿಂತ ಸಿದ್ಧತೆಯುಳ್ಳ ಪ್ರೀತಿಗೆ ಬಲ ಹೆಚ್ಚೆಂಬುದು ಇದರ ತಾತ್ಪರ್ಯ.

ನಮ್ಮ ಮನೆಗಳಿಗೆ ಇದನ್ನು ಅನ್ವಯಿಸುವುದು ಕಷ್ಟವಲ್ಲ. ಮೊದಲು ಮನೆಯ ಹಿರಿಯರು, ಹೆಂಡತಿ, ಒಡಹುಟ್ಟಿದವರು, ಅವನು ಗೌರವಿಸುವ ಮೇಷ್ಟರೋ ಸ್ನೇಹಿತನೋ ಒಬ್ಬರು, ಅವನಿಲ್ಲದಾಗ ಸೇರಬೇಕು. ಯಾರು ಏನು ಹೇಳಬೇಕೆಂಬುದನ್ನು ಅಲ್ಲಿಯೇ ಗೊತ್ತುಮಾಡಬೇಕು. ನೀನು ಮನೆ ಹಾಳುಮಾಡಿದೆ ಎಂಬ ಮಾತಿನಿಂದ ಫಲವಿಲ್ಲ. ಇಂಥ ದಿನ ಹೀಗಾಯಿತು, ಮಗು ಹೆದರಿ ಮೂಲೆ ಸೇರಿತು, ನಮಗೆ ನೀನು ಬೇಕು ಎಂಬ ಮಾತು ನಾಟುತ್ತದೆ. ಆಸ್ಪತ್ರೆಯಲ್ಲಿ ಜಾಗ, ಕರೆದೊಯ್ಯುವ ಗಾಡಿ, ಅವನಿಲ್ಲದ ದಿನಗಳಲ್ಲಿ ಹೊಲದ ಕೆಲಸ ಯಾರು ನೋಡಿಕೊಳ್ಳಬೇಕೆಂಬುದು, ಎಲ್ಲವೂ ಮಾತಿಗೆ ಮೊದಲೇ ಸಿದ್ಧವಿರಬೇಕು. ಅವನು ಕುಡಿಯದ ಬೆಳಗಿನ ಹೊತ್ತು ಮಾತಿಗೆ ಪ್ರಶಸ್ತ. ಜಾತ್ರೆ, ಮದುವೆ, ಅಂಗಡಿಬೀದಿಗಳು ತಕ್ಕ ಸ್ಥಳವಲ್ಲ. ಸಾಲ ತೀರಿಸುವುದಿಲ್ಲ, ಸುಳ್ಳು ಹೇಳಿ ಮುಚ್ಚಿಡುವುದಿಲ್ಲ ಎಂದು ನಿಶ್ಚಯಿಸಿದರೆ ಎಲ್ಲರೂ ಅದಕ್ಕೆ ಬದ್ಧರಾಗಿರಬೇಕು. ಒಬ್ಬರು ಗುಟ್ಟಾಗಿ ಕೊಟ್ಟರೂ ಕಟ್ಟು ಸಡಿಲುತ್ತದೆ. ಕೈಮಾಡುವ ಸ್ವಭಾವದವನಾದರೆ ಮೊದಲು ಹೆಂಡತಿ ಮಕ್ಕಳ ರಕ್ಷಣೆಯನ್ನು ಯೋಚಿಸಿ, ವೈದ್ಯರ ಸಲಹೆ ಪಡೆದೇ ಮುಂದುವರಿಯಬೇಕು. ಬಹುಕಾಲ ಬಹಳ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸುವುದು ಪ್ರಾಣಾಪಾಯ; ಸೆಳವು, ಸನ್ನಿ ಬರಬಹುದು. ಒಮ್ಮೆ ಬಿಟ್ಟವನು ಮತ್ತೆ ಬಿದ್ದರೆ ಅದನ್ನು ಕಾಯಿಲೆ ಮರುಕಳಿಸಿತೆಂದು ತಿಳಿದು, ಮೊದಲಿನಿಂದ ತೊಡಗಬೇಕು. 1935ರಲ್ಲಿ ವಾರ್ಧಾದ ಆಸೆ ಮುರಿದದ್ದು ಈ ಕಡೆಯ ಹಂತದಲ್ಲಿ.

ನಮ್ಮ ನಾಡಿನಲ್ಲಿಯೂ ಈ ಕಾರ್ಯ ನಡೆದಿದೆ. ಇಳಕಲ್ಲಿನ ಚಿತ್ತರಗಿ ಮಠದ ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ದವಸದ ಬದಲು ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. 2018ರಲ್ಲಿ ಲಿಂಗೈಕ್ಯರಾದ ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಮನೆಯವರನ್ನೂ ಜೊತೆಗೆ ಕೂಡಿಸಿಕೊಳ್ಳುತ್ತವೆ. ಶಿಬಿರ ಮುಗಿದಮೇಲೆ ನವಜೀವನ ಸಮಿತಿಗಳು ಕುಡಿತ ಬಿಟ್ಟವರನ್ನು ಒಟ್ಟಿಗೆ ಹಿಡಿದಿಡುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಅಷ್ಟು ದೂರ ಹೋಗಲಾರದವರು 14416 ಎಂಬ ಟೆಲಿ ಮಾನಸ್ ದೂರವಾಣಿಗೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಕೇಳಬಹುದು.

ಹರಿಲಾಲನ ಮಕ್ಕಳಲ್ಲಿ ಕಾಂತಿಲಾಲ ವೈದ್ಯನಾದನು. ರಾಮಿಯ ಮಗಳು ನೀಲಮ್ ಪಾರೀಖ್ ತಾತನ ಜೀವನಚರಿತ್ರೆಯನ್ನು ಗುಜರಾತಿಯಲ್ಲಿ ಬರೆದು, ಅವನನ್ನು ಗಾಂಧೀಜಿ ಕಳೆದುಕೊಂಡ ಧನವೆಂದು ಶೀರ್ಷಿಕೆಯಲ್ಲಿಯೇ ಕರೆದರು. ಕಳಂಕವೆಂದು ಮುಚ್ಚಿಡದೆ ಧನವೆಂದು ಎಣಿಸಿದ್ದು ಮೂರನೆಯ ತಲೆಮಾರು. ಆ ಮಾತು ಅವನು ಬದುಕಿರುವಾಗಲೇ, ಎಲ್ಲರ ಬಾಯಿಂದಲೂ ಒಟ್ಟಿಗೆ, ಅವನ ಕಿವಿಗೆ ಬೀಳಬೇಕಾಗಿತ್ತು. ನಮ್ಮ ಮನೆಗಳಲ್ಲಿ ಅದಕ್ಕೆ ಇನ್ನೂ ಕಾಲ ಮೀರಿಲ್ಲ.